ದೊಡ್ಡ ಡಿಸ್ಕ್ ಕೊಂಡರೆ ಸಾಲದೇ?

ರಾಯಚೂರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ನನ್ನ ಕೆಲಸವೇನೆಂದು ಕೇಳುತ್ತಾರೆ. ಸಂಶೋಧನಾ ಕಂಪ್ಯೂಟಿಂಗ್ ಕೇಂದ್ರದಲ್ಲಿ ವಿಜ್ಞಾನಿಗಳ ಮಾಹಿತಿಗೆ ಡೇಟಾಬೇಸ್ ಕಟ್ಟುತ್ತೇನೆ ಎಂದರೆ ಮರುಪ್ರಶ್ನೆ ಸಿದ್ಧವಾಗಿರುತ್ತದೆ: “ದೊಡ್ಡ ಡಿಸ್ಕ್ ಕೊಂಡು ಫೈಲುಗಳನ್ನು ತುಂಬಿಟ್ಟರೆ ಆಯಿತಲ್ಲ, ಅದಕ್ಕೆ ನೀನು ಯಾಕೆ ಬೇಕು?”

ಮೊದಲು ಹೀಗೆ ಕೇಳಿದವರು ಗಂಜಿನಲ್ಲಿ ಅಡತಿ ಅಂಗಡಿ ಇಟ್ಟಿರುವ ನಮ್ಮ ಸೋದರಮಾವ. ಉತ್ತರವೂ ಅವರ ಗಾದಿಯ ಮೇಲೆಯೇ ಇತ್ತು. ಅಲ್ಲಿ ಎರಡು ಪುಸ್ತಕಗಳಿವೆ. ಕಿರ್ದಿಯಲ್ಲಿ ಆಯಾ ದಿನದ ವ್ಯವಹಾರ ನಡೆದ ಕ್ರಮದಲ್ಲೇ ಬೀಳುತ್ತದೆ: ಹತ್ತಿ, ಭತ್ತ, ಹಮಾಲಿ, ಮುಂಗಡ, ಚಹಾದ ಖರ್ಚು. ರಾತ್ರಿ ಗುಮಾಸ್ತ ಅದನ್ನೇ ಒಬ್ಬೊಬ್ಬ ರೈತನ ಖಾತೆಗೆ ಎತ್ತಿ ಬರೆಯುತ್ತಾನೆ. ಹೊಸ ಮಾಹಿತಿ ಒಂದಕ್ಷರವೂ ಇಲ್ಲ. ಆದರೂ ರೈತ ಬಂದು ಬಾಕಿ ಕೇಳಿದರೆ ಮಾವ ತೆರೆಯುವುದು ಖಾತೆ ಪುಸ್ತಕವನ್ನೇ. ಕಿರ್ದಿ ಒಂದೇ ಇದ್ದಿದ್ದರೆ ಸುಗ್ಗಿಯಿಂದ ಈಚಿನ ಪುಟಗಳನ್ನೆಲ್ಲ ತಿರುವಬೇಕಿತ್ತು.

ದೂರದರ್ಶಕದ ಫೈಲುಗಳೂ ಕಿರ್ದಿಯೇ. ಯಾವ ರಾತ್ರಿ ಆಕಾಶದ ಯಾವ ಭಾಗವನ್ನು ನೋಡಿತೋ ಆ ಕ್ರಮದಲ್ಲಿ ಬಿದ್ದಿರುತ್ತವೆ. ಒಂದು ನಕ್ಷತ್ರದ ಹೊಳಪು ಹೇಗೆ ಬದಲಾಯಿತೆಂದು ತಿಳಿಯಲು ಅಷ್ಟೂ ರಾತ್ರಿಗಳನ್ನು ತೆರೆಯಬೇಕು. ಅದನ್ನು ಖಾತೆಗಳಿಗೆ ಎತ್ತಿ ಬರೆಯುವುದೇ ನನ್ನ ಡೇಟಾಬೇಸಿನ ಕೆಲಸ.

ಹಾಗಾದರೆ ಯಾವ ಖಾತೆಗಳನ್ನು ತೆರೆಯಬೇಕು? ಈ ವಿಷಯದಲ್ಲಿ ನನಗೆ ಗುರು ಡೇಟಾಬೇಸ್ ತಜ್ಞ ಜಿಮ್ ಗ್ರೇ, ಕಂಪ್ಯೂಟರ್ ವಿಜ್ಞಾನಕ್ಕೆ ಕೊಡುವ ಟ್ಯೂರಿಂಗ್ ಪ್ರಶಸ್ತಿಯನ್ನು 1998ರಲ್ಲಿ ಪಡೆದವರು. ಖಗೋಳವಿಜ್ಞಾನಿ ಅಲೆಕ್ಸ್ ಸಲಾಯ್ ಅವರೊಂದಿಗೆ ಸ್ಲೋನ್ ಡಿಜಿಟಲ್ ಆಕಾಶ ಸಮೀಕ್ಷೆಯ ಡೇಟಾಬೇಸ್ ಕಟ್ಟುವಾಗ ಅವರು ಖಗೋಳವಿಜ್ಞಾನಿಗಳಿಂದ ಬಯಸಿದ್ದು ಇಷ್ಟೇ: ನಿಮಗೆ ಉತ್ತರ ಬೇಕಾಗಿರುವ 20 ಪ್ರಶ್ನೆಗಳು. ನಾನೂ ಹಾಗೆಯೇ ಕೇಳುತ್ತೇನೆ. ಮೊದಲ ಎಂಟು ಹತ್ತು ಪ್ರಶ್ನೆಗಳು ಸಭ್ಯವಾಗಿರುತ್ತವೆ, ಯಾವ ಪಠ್ಯಪುಸ್ತಕದಲ್ಲಾದರೂ ಸಿಗುವಂಥವು. ಆಮೇಲೆ ಪೆನ್ನು ಕಚ್ಚುತ್ತಾ ಕೂರುತ್ತಾರೆ. ನಿಜವಾದ ಪ್ರಶ್ನೆಗಳು ಬರುವುದು ಆಗಲೇ.

ನಿದ್ದೆಗೆಡಿಸುವುದು ಮಾತ್ರ ಹೊಂದಾಣಿಕೆ, ಅಂದರೆ ಎರಡು ಪಟ್ಟಿಗಳಲ್ಲಿರುವುದು ಒಂದೇ ನಕ್ಷತ್ರವೇ ಎಂದು ಗುರುತಿಸುವುದು. ನಮ್ಮ ಜಿಲ್ಲೆಯ ಮಸ್ಕಿಯನ್ನೇ ನೋಡಿ. ಅದುವರೆಗೆ ಸಿಕ್ಕಿದ್ದ ಅಶೋಕನ ಶಾಸನಗಳಲ್ಲಿ ‘ದೇವಾನಾಂಪ್ರಿಯ’ನಂಥ ಬಿರುದುಗಳಷ್ಟೇ ಇದ್ದವು. 1915ರಲ್ಲಿ ಮಸ್ಕಿಯಲ್ಲಿ ಕಂಡ ಬಂಡೆಯ ಮೇಲೆ ಬಿರುದಿನ ಜೊತೆಗೆ ಅಶೋಕನ ಹೆಸರೂ ಇತ್ತು. ಅವನೇ ಇವನು ಎಂಬುದು ಗಟ್ಟಿಯಾಯಿತು. ಆಕಾಶದಲ್ಲಿ ಅಂಥ ಬಂಡೆಯಿಲ್ಲ. ಒಂದೇ ನಕ್ಷತ್ರಕ್ಕೆ ಪಟ್ಟಿಗೊಂದು ಸಂಖ್ಯೆ. ಸ್ಥಾನ ನೋಡಿ ಗುರುತಿಸೋಣವೆಂದರೆ ಎರಡು ಅಳತೆಗಳು ಕೂದಲೆಳೆಯಷ್ಟಾದರೂ ಬೇರೆಯಾಗಿರುತ್ತವೆ.

ಒಮ್ಮೆ ಎರಡು ಪಟ್ಟಿಗಳನ್ನು ಕೂಡಿಸಿದಾಗ ಏನೂ ತಾಳೆಯಾಗಲಿಲ್ಲ. ಎರಡು ದಿನ ಕಂಪ್ಯೂಟರನ್ನು ಬೈದೆ. ಕೊನೆಗೆ ನೋಡಿದರೆ ಒಂದರಲ್ಲಿ ವಿಷುವದಂಶ (ಆಕಾಶದಲ್ಲಿ ಪೂರ್ವ-ಪಶ್ಚಿಮ ಸ್ಥಾನ ಹೇಳುವ ಅಳತೆ) ಡಿಗ್ರಿಗಳಲ್ಲಿತ್ತು, ಇನ್ನೊಂದರಲ್ಲಿ ಗಂಟೆಗಳಲ್ಲಿ. ಅಲ್ಲಿ ಒಂದು ಗಂಟೆಯೆಂದರೆ 15 ಡಿಗ್ರಿ. ಕಾಲಂನ ತಲೆಯ ಮೇಲೆ ಅಳತೆಯ ಮಾನ ಬರೆದಿರಲಿಲ್ಲ. ಬರೆಯದೆ ಬಿಟ್ಟವನು ನಾನೇ.

ಇದನ್ನು ಹೇಳಿದಾಗ ಮಾವ ನಗಲಿಲ್ಲ. ಖಾತೆ ಪುಸ್ತಕ ತೆರೆದು ತೋರಿಸಿದರು: ‘ಬಸವರಾಜ, ಸಿರವಾರ’, ‘ಬಸವರಾಜ, ಮಾನ್ವಿ’, ‘ಬಸವರಾಜ, ಮಾನ್ವಿ, ಕೆಂಪು ಟ್ರ್ಯಾಕ್ಟರ್’. ಹಿಂದೊಮ್ಮೆ ಒಬ್ಬನ ಹತ್ತಿಯ ಹಣ ಇನ್ನೊಬ್ಬನ ಲೆಕ್ಕಕ್ಕೆ ಹೋಗಿ ಅಂಗಡಿಯ ಮುಂದೆ ಜಗಳವಾಗಿತ್ತಂತೆ. ಆ ಟ್ರ್ಯಾಕ್ಟರನ್ನು ಮಾರಿ ಎಷ್ಟೋ ವರ್ಷವಾಯಿತು. ಖಾತೆಯ ಹೆಸರು ಮಾತ್ರ ಇವತ್ತಿಗೂ ಅದೇ.