ಹತ್ತಿರಕ್ಕೆ ಬಂದವನು

ಕಥೋಲಿಕ ಧರ್ಮಸಭೆಯಲ್ಲಿ ಭಾನುವಾರದ ಪೂಜೆಯ ವಾಚನಗಳು ಮೂರು ವರ್ಷಗಳ ಆವರ್ತದಲ್ಲಿ ಸಾಗುವುದರಿಂದ, ಹತ್ತು ಮಂದಿ ಕುಷ್ಠರೋಗಿಗಳ ಪ್ರಸಂಗ ಭಾನುವಾರದಂದು ನಮ್ಮ ಕಿವಿಗೆ ಬೀಳುವುದು ಮೂರು ವರ್ಷಕ್ಕೊಮ್ಮೆ ಮಾತ್ರ. 2025ರಲ್ಲಿ ಅದು ಅಕ್ಟೋಬರ್ 12ರಂದು, ಸಾಧಾರಣ ಕಾಲದ 28ನೆಯ ಭಾನುವಾರ ಬಂತು. ಅಂದು ಮೊದಲನೆಯ ವಾಚನವನ್ನು ಓದುವ ಸರದಿ ನನ್ನದು. ಅದು ಬೈಬಲಿನ ಹಳೆಯ ಒಡಂಬಡಿಕೆಯ ಅರಸುಗಳ ಎರಡನೆಯ ಗ್ರಂಥದ ಐದನೆಯ ಅಧ್ಯಾಯ. ಕುಷ್ಠರೋಗಿಯಾಗಿದ್ದ ಸಿರಿಯಾ ದೇಶದ ಸೇನಾಪತಿ ನಾಮಾನನು ಪ್ರವಾದಿ ಎಲೀಷನ ಮಾತಿನಂತೆ ಜೋರ್ಡನ್ ನದಿಯಲ್ಲಿ ಏಳು ಸಲ ಮುಳುಗಿ, ಮಗುವಿನ ಮೈಯಂಥ ಮೈಯನ್ನು ಪಡೆದು ಹಿಂದಿರುಗುವ ಭಾಗ. ಕಾಣಿಕೆಯನ್ನು ಸ್ವೀಕರಿಸಬೇಕೆಂದು ಅವನು ಎಷ್ಟು ಬೇಡಿಕೊಂಡರೂ ಎಲೀಷನು ಒಪ್ಪುವುದಿಲ್ಲ. ಕೊಡಲಾಗದೆ ಹೋದ ನಾಮಾನನು ಕೊನೆಗೆ ತಾನೇ ಒಂದನ್ನು ಕೇಳಿ ಪಡೆಯುತ್ತಾನೆ: ಎರಡು ಹೇಸರಗತ್ತೆಗಳು ಹೊರುವಷ್ಟು ಆ ನೆಲದ ಮಣ್ಣು. ಓದಿ ಮುಗಿಸಿದಾಗ ಸಭೆ ಎಂದಿನಂತೆ ದೇವರಿಗೆ ಕೃತಜ್ಞತೆ ಸಲ್ಲಲಿ ಎಂದು ಉತ್ತರಿಸಿತು. ಪ್ರತಿ ಭಾನುವಾರವೂ ಹೇಳುವ ಆ ಮಾತು ಅಂದು ನನ್ನ ಮನಸ್ಸಿನಲ್ಲಿ ಸ್ವಲ್ಪ ಹೊತ್ತು ಹೆಚ್ಚಾಗಿಯೇ ನಿಂತಿತು.

ಶುಭಸಂದೇಶದ ವಾಚನ ಲೂಕನ ಹದಿನೇಳನೆಯ ಅಧ್ಯಾಯದ್ದು. ಯೇಸುಸ್ವಾಮಿ ಜೆರುಸಲೇಮಿನ ಕಡೆಗೆ ಪಯಣಿಸುತ್ತ ಸಮಾರಿಯ ಮತ್ತು ಗಲಿಲೇಯದ ಗಡಿಯಲ್ಲಿ ಒಂದು ಹಳ್ಳಿಯನ್ನು ಹೊಕ್ಕಾಗ ಹತ್ತು ಮಂದಿ ರೋಗಿಗಳು ಎದುರಾಗುತ್ತಾರೆ. ದೂರದಲ್ಲೇ ನಿಂತು, ತಮ್ಮ ಮೇಲೆ ದಯೆ ತೋರಬೇಕೆಂದು ಕೂಗುತ್ತಾರೆ. ಯಾಜಕರ ಬಳಿಗೆ ಹೋಗಿ ನಿಮ್ಮನ್ನು ತೋರಿಸಿಕೊಳ್ಳಿರಿ ಎಂಬುದಷ್ಟೇ ಅವರಿಗೆ ಸಿಗುವ ಉತ್ತರ. ಹೋಗುವ ದಾರಿಯಲ್ಲಿ ಅವರು ಗುಣವಾಗುತ್ತಾರೆ. ಒಬ್ಬನು, ಯೆಹೂದ್ಯರು ದೂರವಿಟ್ಟಿದ್ದ ಸಮಾರಿಯದ ಜನರಲ್ಲೊಬ್ಬನು, ದೇವರನ್ನು ಗಟ್ಟಿಯಾಗಿ ಕೊಂಡಾಡುತ್ತ ಹಿಂದಿರುಗಿ ಯೇಸುವಿನ ಪಾದಕ್ಕೆ ಬೀಳುತ್ತಾನೆ. ಗುಣವಾದವರು ಹತ್ತು ಮಂದಿಯಲ್ಲವೇ, ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳುತ್ತಾರೆ. ಗುರುಗಳ ಪ್ರಬೋಧನೆಯೂ ಆ ಪ್ರಶ್ನೆಯ ಸುತ್ತಲೇ ಇತ್ತು. ನಾವು ಹತ್ತರಲ್ಲಿ ಯಾರು ಎಂದು ಅವರು ನಮ್ಮನ್ನು ಕೇಳಿ ಮುಗಿಸಿದರು.

ಪೂಜೆಯ ನಂತರ ಎಂಟನೆಯ ತರಗತಿಯ ಮಕ್ಕಳಿಗೆ ನಾನು ಧರ್ಮೋಪದೇಶದ ಪಾಠ ಮಾಡುತ್ತೇನೆ. ಅಂದು ಪಾಠ ಆರಂಭವಾಗುವ ಮೊದಲೇ ಒಬ್ಬ ಹುಡುಗ ಎದ್ದು ನಿಂತ. "ಟೀಚರ್, ಆ ಒಂಬತ್ತು ಜನ ಮಾಡಿದ್ದರಲ್ಲಿ ತಪ್ಪೇನಿದೆ? ಯಾಜಕರ ಹತ್ತಿರ ಹೋಗಿ ಅಂತ ಯೇಸುವೇ ಹೇಳಿದ್ದು. ಅವರು ಹೋದರು. ಮಾತು ಕೇಳದೆ ಅರ್ಧ ದಾರಿಯಿಂದ ವಾಪಸ್ ಬಂದವನು ಆ ಒಬ್ಬನೇ ಅಲ್ಲವಾ?" ತರಗತಿಯಲ್ಲಿ ಸದ್ದಡಗಿತು. ಆ ಪ್ರಶ್ನೆ ಉದ್ಧಟತನದ್ದಲ್ಲ, ಗಮನವಿಟ್ಟು ಕೇಳಿದವನದು ಎಂಬುದು ನನಗೆ ಸಂತೋಷ ತಂದಿತು.

ನಾವು ಯೆಹೂದ್ಯರ ಶುದ್ಧ-ಅಶುದ್ಧದ ಕಟ್ಟಳೆಗಳಿರುವ ಬೈಬಲಿನ ಗ್ರಂಥ ಯಾಜಕಕಾಂಡದ 13 ಮತ್ತು 14ನೆಯ ಅಧ್ಯಾಯಗಳನ್ನು ತೆರೆದೆವು. ಅಲ್ಲಿ ಹೇಳಿರುವ ಕುಷ್ಠ ಇಂದಿನ ವೈದ್ಯರು ಗುರುತಿಸುವ ಒಂದೇ ರೋಗವಲ್ಲ. ಹಲವು ಬಗೆಯ ಚರ್ಮದ ಕಲೆಗಳೂ ಅದರಲ್ಲಿ ಸೇರುತ್ತವೆ, ಬಟ್ಟೆಗೂ ಗೋಡೆಗೂ ಅದು ತಗಲುತ್ತದೆಂದು ಗ್ರಂಥ ಹೇಳುತ್ತದೆ. ಆದರೆ ಅದು ತಗಲಿದವನ ಪಾಡು ಮಾತ್ರ ಸ್ಪಷ್ಟ: ಹರಿದ ಬಟ್ಟೆ, ಕೆದರಿದ ಕೂದಲು, ತಾನು ಅಶುದ್ಧನೆಂದು ತಾನೇ ಕೂಗಿಕೊಂಡು ಪಾಳೆಯದ ಹೊರಗೆ ಒಂಟಿಯಾಗಿ ವಾಸ. ಗುಣವಾದನೆಂದು ತೀರ್ಮಾನಿಸುವ ಅಧಿಕಾರ ಯಾಜಕನದು. ಆಮೇಲೆ ಶುದ್ಧೀಕರಣದ ವಿಧಿ: ಎರಡು ಜೀವಂತ ಹಕ್ಕಿಗಳು, ದೇವದಾರು ಕಟ್ಟಿಗೆ, ಕೆಂಪು ನೂಲು, ಹಿಸ್ಸೋಪು ಗಿಡ. ಒಂದು ಹಕ್ಕಿಯನ್ನು ವಧಿಸಿ ಇನ್ನೊಂದನ್ನು ಬಯಲಿಗೆ ಹಾರಿಬಿಡುವುದು. ಏಳು ದಿನ ಕಾದು ಎಂಟನೆಯ ದಿನ ಬಲಿ ಅರ್ಪಿಸುವುದು. ಇಷ್ಟಾದ ಮೇಲೆಯೇ ಮನೆಗೆ, ಮಡದಿ ಮಕ್ಕಳ ಬಳಿಗೆ, ಪ್ರಾರ್ಥನೆಯ ಸಭೆಗೆ ಪ್ರವೇಶ. ಹಾಗಾಗಿ ಆ ಒಂಬತ್ತು ಮಂದಿ ಯಾಜಕರ ಕಡೆಗೆ ಅವಸರದಿಂದ ನಡೆದದ್ದರಲ್ಲಿ ವಿಧೇಯತೆಯೂ ಇತ್ತು, ಮನೆ ಸೇರುವ ತವಕವೂ ಇತ್ತು. ಹುಡುಗನ ವಾದದಲ್ಲಿ ಹುರುಳಿದೆಯೆಂದು ನಾನು ಒಪ್ಪಿದೆ. ಯೇಸು ಅವರಿಗೆ ಕೊಟ್ಟ ಆರೋಗ್ಯವನ್ನು ಹಿಂದಕ್ಕೆ ಪಡೆದರೆಂದು ಲೂಕನು ಎಲ್ಲಿಯೂ ಬರೆದಿಲ್ಲ ಎಂಬುದನ್ನೂ ತೋರಿಸಿದೆ. ಹಾಗಿದ್ದರೆ ಉಳಿದ ಒಂಬತ್ತು ಮಂದಿ ಎಲ್ಲಿ ಎಂಬ ಯೇಸುವಿನ ಪ್ರಶ್ನೆಯಲ್ಲಿರುವ ನೋವು ಯಾವುದಕ್ಕಾಗಿ? ಅದಕ್ಕೆ ನನ್ನಲ್ಲಿ ಪೂರ್ಣ ಉತ್ತರವಿರಲಿಲ್ಲ. ಉತ್ತರದ ಒಂದು ದೊಡ್ಡ ಭಾಗ ಅದೇ ಮಧ್ಯಾಹ್ನ ದೊರೆಯಿತು.

ಆ ವಾಚನದ ಭಾನುವಾರವೆಂದೇ, ಕುಷ್ಠರೋಗದಿಂದ ಗುಣವಾದವರು ನೆಲೆಸಿರುವ ಒಂದು ಪುನರ್ವಸತಿ ಕೇಂದ್ರಕ್ಕೆ ಮಕ್ಕಳನ್ನು ಕರೆದೊಯ್ಯಲು ನಾವು ಮೊದಲೇ ನಿಶ್ಚಯಿಸಿದ್ದೆವು. ಕೆಲವು ಪೋಷಕರಿಗೆ ಆತಂಕವಿತ್ತು. ಔಷಧ ಆರಂಭವಾದ ಕೂಡಲೇ ರೋಗಿಯಿಂದ ಸೋಂಕು ಹರಡುವುದು ನಿಲ್ಲುತ್ತದೆ, ಅಲ್ಲಿರುವವರು ಔಷಧ ಮುಗಿಸಿ ದಶಕಗಳೇ ಆಗಿವೆ ಎಂದು ತಿಳಿಸಿ ಹೇಳಿದ ಮೇಲೆ ಹೆಚ್ಚಿನವರು ಒಪ್ಪಿದರು. ಈ ರೋಗ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲವೆಂದು ಭಾರತ 2005ರ ಕೊನೆಯಲ್ಲಿ ಘೋಷಿಸಿತಾದರೂ ಇಂದಿಗೂ ದೇಶದಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷ ಹೊಸ ರೋಗಿಗಳು ಪತ್ತೆಯಾಗುತ್ತಿದ್ದಾರೆ. ಗಂಡ ಅಥವಾ ಹೆಂಡತಿಗೆ ಕುಷ್ಠವಿದೆಯೆಂಬ ಕಾರಣಕ್ಕೆ ವಿಚ್ಛೇದನ ಪಡೆಯುವ ಅವಕಾಶವನ್ನು ನಮ್ಮ ವೈಯಕ್ತಿಕ ಕಾನೂನುಗಳಿಂದ ತೆಗೆದುಹಾಕಿದ್ದು 2019ರಲ್ಲಿ. ದೂರ ನಿಲ್ಲಿಸುವ ಕಟ್ಟಳೆ ಯಾಜಕಕಾಂಡದ ಕಾಲಕ್ಕೆ ಮುಗಿದಿರಲಿಲ್ಲ.

ಕೇಂದ್ರದಲ್ಲಿ ಒಬ್ಬ ತಾತ ಮೆತ್ತನೆಯ ರಬ್ಬರಿನ ಅಟ್ಟೆಯ ಚಪ್ಪಲಿ ಹೊಲಿಯುತ್ತಿದ್ದರು. ಸ್ಪರ್ಶ ಸತ್ತ ಪಾದಕ್ಕೆ ಕಲ್ಲು ಚುಚ್ಚಿದರೂ ತಿಳಿಯುವುದಿಲ್ಲ, ಹುಣ್ಣಾಗುತ್ತದೆ. ಅದಕ್ಕಾಗಿ ಇಂಥ ಚಪ್ಪಲಿ ಬೇಕು ಎಂದು ಅವರು ಮಕ್ಕಳಿಗೆ ವಿವರಿಸಿದರು. ಅವರ ಬೆರಳುಗಳು ಮಡಚಿಕೊಂಡಿದ್ದವು, ಆದರೂ ಸೂಜಿ ತಪ್ಪುತ್ತಿರಲಿಲ್ಲ. ಬೆಳಗಿನ ವಾಚನವನ್ನು ಅವರೂ ತಮ್ಮ ಪ್ರಾರ್ಥನಾಲಯದಲ್ಲಿ ಕೇಳಿದ್ದರು. ನಮ್ಮ ಹುಡುಗ ಅದೇ ಪ್ರಶ್ನೆಯನ್ನು ಅವರ ಮುಂದಿಟ್ಟ.

"ನಾನಾಗಿದ್ರೂ ಮನೆಗೇ ಓಡ್ತಿದ್ದೆ ಮಗಾ," ಎಂದರು ಅವರು. "ಓಡಿದೆ ಕೂಡ."

ಅವರು ಹೇಳಿದ್ದನ್ನು ನನಗೆ ನೆನಪಿರುವಷ್ಟು ಇಲ್ಲಿ ಬರೆಯುತ್ತೇನೆ. 1980ರ ದಶಕದಲ್ಲಿ ಅವರ ಹಳ್ಳಿಗೆ ಒಬ್ಬರು ಆರೋಗ್ಯ ಸಹಾಯಕರು ಸೈಕಲ್ಲಿನಲ್ಲಿ ಬರುತ್ತಿದ್ದರು. ಬೆನ್ನಿನ ಮೇಲಿದ್ದ ಮಚ್ಚೆಯನ್ನು ಪೆನ್ನಿನ ತುದಿಯಿಂದ ಮುಟ್ಟಿ, ಮೊಣಕೈಯ ನರವನ್ನು ಬೆರಳಿನಿಂದ ಒತ್ತಿ ನೋಡಿ ರೋಗವನ್ನು ಗುರುತಿಸಿದವರು ಅವರೇ. ಆಗಿನ ಕ್ರಮದಂತೆ ಮೂರು ಔಷಧಗಳನ್ನು ಎರಡು ವರ್ಷ ಸೇವಿಸಬೇಕಿತ್ತು. ತಿಂಗಳಿಗೊಮ್ಮೆಯ ಗುಳಿಗೆಯನ್ನು ಅವರು ತಮ್ಮ ಕಣ್ಣೆದುರೇ ನುಂಗಿಸುತ್ತಿದ್ದರು. ಔಷಧದಿಂದ ಮೈ ಕಪ್ಪಾದಾಗ ರೋಗ ಹೆಚ್ಚಾಯಿತೆಂದು ಊರವರು ಇನ್ನಷ್ಟು ದೂರ ಸರಿದರು. ಸಹಾಯಕರು ಮಾತ್ರ ಪಕ್ಕದಲ್ಲೇ ಕುಳಿತು, ಬರಿಗೈಯಲ್ಲಿ ಕಾಲನ್ನು ಎತ್ತಿ ಹುಣ್ಣು ನೋಡುತ್ತಿದ್ದರು. ಪಟ್ಟಣದ ಆಸ್ಪತ್ರೆಯಲ್ಲಿ ಕೈಯ ಚಿಕಿತ್ಸೆ ಮುಗಿದು, ರೋಗ ಗುಣವಾಗಿದೆ ಎಂಬ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿ ಮನೆಗೆ ಹೋದರೆ, ಒಡಹುಟ್ಟಿದ ಅಣ್ಣ ಹಟ್ಟಿಯ ಪಕ್ಕದಲ್ಲಿ ಊಟದ ತಟ್ಟೆ ಇಟ್ಟರಂತೆ. ಚೀಟಿಯನ್ನು ಓದಲೂ ಇಲ್ಲವಂತೆ.

"ಆ ಸಮಾರ್ಯದವನಿಗೂ ಮನೆ ಬಾಗಿಲು ತೆರೆದಿರಲಿಲ್ಲವೇನೋ," ಎಂದರು ತಾತ. ಈ ಮಾತನ್ನು ಯಾವ ವ್ಯಾಖ್ಯಾನಕಾರನಿಂದಲೂ ನಾನು ಕೇಳಿರಲಿಲ್ಲ. ರೋಗದಲ್ಲಿ ಹತ್ತು ಮಂದಿ ಒಟ್ಟಿಗಿದ್ದರು. ಯೆಹೂದ್ಯನೆಂಬ, ಸಮಾರಿಯದವನೆಂಬ ಭೇದ ಅಲ್ಲಿ ನಡೆಯುತ್ತಿರಲಿಲ್ಲ. ಗುಣವಾದ ಗಳಿಗೆಯಲ್ಲೇ ಆ ಭೇದ ಮರಳಿ ಬಂದಿರಬೇಕು. ಜೆರುಸಲೇಮಿನ ದೇವಾಲಯದ ಯಾಜಕರ ಬಳಿ ಅವನಿಗೆ ಎಡೆಯಿಲ್ಲ. ಗೆರಿಜೀಮ್ ಬೆಟ್ಟದ ಮೇಲಿದ್ದ ಅವನ ಜನರ ದೇವಾಲಯವನ್ನು ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲೇ ಯೆಹೂದ್ಯ ಆಡಳಿತಗಾರ ಯೋಹಾನ ಹಿರ್ಕಾನಸ್ ಕೆಡವಿಸಿದ್ದನು. ತೆರೆದ ಬಾಗಿಲುಗಳು ಕಡಿಮೆ ಇದ್ದವನ ಬಾಯಲ್ಲೇ ಕೃತಜ್ಞತೆ ಗಟ್ಟಿಯಾಗಿ ಹೊರಟಿತು.

ಬಾಗಿಲು ಮುಚ್ಚಿದ ಮೇಲೆ ತಾತ ಕೇಂದ್ರಕ್ಕೆ ಬಂದು ನೆಲೆಸಿದರು, ಚಪ್ಪಲಿಯ ಕೆಲಸ ಕಲಿತರು, ತಮ್ಮ ದುಡಿಮೆಯ ಹಣ ಕೈಗೆ ಬಂದ ಮೇಲೆ ಆ ಆರೋಗ್ಯ ಸಹಾಯಕರ ಮನೆಯನ್ನು ಹುಡುಕಿಕೊಂಡು ಹೊರಟರು. ಬಾಳೆಹಣ್ಣು ಮತ್ತು ತಾವೇ ಹೊಲಿದ ಒಂದು ಜೊತೆ ಚಪ್ಪಲಿ ಅವರ ಕೈಯಲ್ಲಿದ್ದವು. ಅಂಗಳದಲ್ಲೇ ನಿಂತು ಕೊಟ್ಟು ಬರುವುದೆಂದು ಯೋಚಿಸಿದ್ದರಂತೆ. ನಿವೃತ್ತರಾಗಿದ್ದ ಸಹಾಯಕರು ಕೈಹಿಡಿದು ಒಳಗೆ ಕರೆದೊಯ್ದರು. ಅವರ ಮಡದಿ ಮನೆಯವರೆಲ್ಲ ಕುಡಿಯುವ ಲೋಟದಲ್ಲೇ ಕಾಫಿ ತಂದುಕೊಟ್ಟರು. "ಥ್ಯಾಂಕ್ಸ್ ಹೇಳೋಕೆ ಹೋದೋನು ನಾನು. ಅಲ್ಲಿ ನಂಗೆ ಒಂದು ಮನೆ ಸಿಕ್ತು," ಎಂದು ಅವರು ಹೇಳುವಾಗ ದನಿಯಲ್ಲಿ ಹೆಮ್ಮೆಯಿತ್ತು. ಮುಂದೆ ಸಹಾಯಕರು ತೀರಿಕೊಂಡಾಗ ಆ ಮನೆಯವರು ಇವರಿಗೆ ಹೇಳಿಕಳುಹಿಸಿದರು, ಹೆಗಲು ಕೊಡಲು ಕರೆದರು.

ಮರಳುವ ಬಸ್ಸಿನಲ್ಲಿ ನಾನು ಲೂಕನ ಪುಟವನ್ನು ಮತ್ತೆ ತೆರೆದೆ. ಆರಂಭದಲ್ಲಿ ಹತ್ತು ಮಂದಿಯೂ ದೂರದಲ್ಲಿ ನಿಂತಿದ್ದಾರೆ; ಆರೋಗ್ಯವೂ ಅವರಿಗೆ ದೂರದಿಂದಲೇ ದೊರೆಯುತ್ತದೆ. ಮಾರ್ಕನ ಮೊದಲ ಅಧ್ಯಾಯದಲ್ಲಿ ಯೇಸು ಕುಷ್ಠರೋಗಿಯೊಬ್ಬನನ್ನು ಕೈಚಾಚಿ ಮುಟ್ಟಿ ಗುಣಪಡಿಸುತ್ತಾರೆ, ಇಲ್ಲಿ ಮುಟ್ಟುವುದಿಲ್ಲ. ಒಂಬತ್ತು ಮಂದಿಯ ಮಟ್ಟಿಗೆ ಆ ದೂರ ಹಾಗೆಯೇ ಉಳಿಯಿತು. ಪಾದದವರೆಗೆ ಬಂದವನು ಒಬ್ಬನೇ. ನಾಮಾನನ ಕಥೆಯಲ್ಲೂ ಇದೇ ನಡೆದಿದೆ: ಮೊದಲ ಸಲ ಅವನು ರಥ ಕುದುರೆಗಳೊಡನೆ ಬಾಗಿಲಲ್ಲಿ ನಿಂತಾಗ ಎಲೀಷನು ಹೊರಗೇ ಬರುವುದಿಲ್ಲ, ಸೇವಕನ ಮೂಲಕ ಮಾತು ಕಳುಹಿಸುತ್ತಾನೆ. ಗುಣವಾಗಿ ಹಿಂದಿರುಗಿದ ಮೇಲೆಯೇ ಅವರಿಬ್ಬರೂ ಎದುರುಬದುರು ನಿಲ್ಲುವುದು. ಪ್ರವಾದಿ ಕಾಣಿಕೆಯನ್ನು ನಿರಾಕರಿಸಿದ್ದೂ ನನಗೆ ಆಗ ಅರ್ಥವಾಯಿತು. ಕೃತಜ್ಞತೆಯನ್ನು ಋಣದ ಲೆಕ್ಕ ಚುಕ್ತಾ ಮಾಡುವ ಕೆಲಸವೆಂದುಕೊಂಡರೆ ಲೆಕ್ಕ ಮುಗಿದ ದಿನ ಸಂಬಂಧವೂ ಮುಗಿಯುತ್ತದೆ. ಶುಭಸಂದೇಶದ ಕೃತಜ್ಞತೆ ಸಂಬಂಧವನ್ನು ಅಲ್ಲಿಂದ ಆರಂಭಿಸುತ್ತದೆ. ಆ ಒಂಬತ್ತು ಮಂದಿ ಎಲ್ಲಿ ಎಂಬ ಪ್ರಶ್ನೆಯಲ್ಲಿ ನನಗೆ ಈಗ ಕೇಳಿಸುವುದು ತನಗೆ ವಂದನೆ ಸಲ್ಲಲಿಲ್ಲವೆಂಬ ಅಸಮಾಧಾನವಲ್ಲ. ಹತ್ತಿರಕ್ಕೆ ಬರಬಹುದಾಗಿದ್ದವರು ಬರಲಿಲ್ಲವೆಂಬ ಕೊರತೆ.

ಲೂಕನ ಏಳನೆಯ ಅಧ್ಯಾಯದಲ್ಲಿ ಫರಿಸಾಯ, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯ ಪಂಗಡದ, ಸಿಮೋನನ ಮನೆಯ ಊಟಕ್ಕೆ ಕರೆಯದೆ ಬಂದ ಹೆಂಗಸೂ ಇದನ್ನೇ ಮಾಡುತ್ತಾಳೆ. ಕಣ್ಣೀರಿನಿಂದ ಪಾದ ತೊಳೆದು, ಕೂದಲಿನಿಂದ ಒರೆಸಿ, ಸುಗಂಧ ತೈಲ ಹಚ್ಚುತ್ತಾಳೆ. ಯೇಸು ಅಲ್ಲಿ ಐನೂರು ಮತ್ತು ಐವತ್ತು ದಿನಾರಿಗಳ ಸಾಲಗಾರರಿಬ್ಬರ ಸಾಮತಿ (ದೃಷ್ಟಾಂತ ಕಥೆ) ಹೇಳಿ, ಸಾಲ ಮನ್ನಾ ಮಾಡಿದವನನ್ನು ಯಾರು ಹೆಚ್ಚು ಪ್ರೀತಿಸುತ್ತಾರೆಂದು ಕೇಳುತ್ತಾರೆ. ಗಮನಿಸಬೇಕು: ಯಾರು ತೀರಿಸುತ್ತಾರೆ ಎಂದು ಅವರು ಕೇಳುವುದಿಲ್ಲ.

ಆದರೂ ಬಾಯಿಂದ ಬಂದ ಪ್ರತಿಯೊಂದು ಕೃತಜ್ಞತೆಯೂ ದೂರವನ್ನು ಕಡಿಮೆ ಮಾಡುವುದಿಲ್ಲ. ಎರಡು ವಾರಗಳ ನಂತರ, ಅಕ್ಟೋಬರ್ 26ರಂದು, ಲೂಕನ ಹದಿನೆಂಟನೆಯ ಅಧ್ಯಾಯದ ಫರಿಸಾಯ ಮತ್ತು ಸುಂಕದವನ, ಅಂದರೆ ಜನ ಪಾಪಿಯೆಂದು ಕಡೆಗಣಿಸುತ್ತಿದ್ದ ತೆರಿಗೆ ವಸೂಲಿಗಾರನ, ಸಾಮತಿ ವಾಚನವಾಗಿ ಬಂತು. ಅದರಲ್ಲಿ ಫರಿಸಾಯನ ಪ್ರಾರ್ಥನೆ ಕೃತಜ್ಞತೆಯಿಂದಲೇ ಆರಂಭವಾಗುತ್ತದೆ: ತಾನು ಇತರರಂತಲ್ಲ, ಈ ಸುಂಕದವನಂತೂ ಅಲ್ಲ, ಅದಕ್ಕಾಗಿ ದೇವರಿಗೆ ವಂದನೆ. ನಮ್ಮ ಹುಡುಗ ಪುಸ್ತಕದಿಂದ ತಲೆಯೆತ್ತಿ, "ಟೀಚರ್, ಇವನು ಥ್ಯಾಂಕ್ಸ್ ಹೇಳ್ತಿರೋದು ಪಕ್ಕದವನನ್ನು ದೂರ ಇಡೋದಕ್ಕೆ," ಎಂದ. ತಾತನ ಮಾತನ್ನು ಅವನು ಮರೆತಿರಲಿಲ್ಲ. ಆಮೇಲೆ ನಾವು ಸುಂಕದವನ ಸಾಲುಗಳನ್ನು ಓದಿದೆವು. ಅವನೂ ಆ ಹತ್ತು ಮಂದಿಯಂತೆ ದೂರದಲ್ಲಿ ನಿಂತಿದ್ದಾನೆ. ಅವನ ಬಾಯಲ್ಲಿ ಕೃತಜ್ಞತೆಯ ಒಂದು ಮಾತೂ ಇಲ್ಲ. ದಯೆ ತೋರು ಎಂಬ ಕೂಗೊಂದೇ ಇದೆ. ಗಡಿಯ ಹಳ್ಳಿಯಲ್ಲಿ ಹತ್ತು ಮಂದಿಯೂ ಕೂಗಿದ್ದು ಅದನ್ನೇ. ಫರಿಸಾಯನು ಆ ಕೂಗನ್ನು ಒಮ್ಮೆಯೂ ಕೂಗದೆ ನೇರವಾಗಿ ವಂದನೆಗೆ ಬಂದುಬಿಟ್ಟಿದ್ದನು.