ಯುಗಾದಿ ಕಳೆದ ಮೇಲೆ ಮಂಡ್ಯ ಸೀಮೆಗೆ ಎರಡು ದಿನ, ಪುಟ್ಟ ಮಕ್ಕಳ ಜೊತೆ

ಯುಗಾದಿ ಮುಗಿದ ವಾರದಿಂದ ಏಪ್ರಿಲ್ ಕೊನೆಯವರೆಗೆ, ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿನಿಂದ ಎರಡು ದಿನ ಹೋಗಿಬರಲು ಮಂಡ್ಯ ಸೀಮೆಯಷ್ಟು ಒಳ್ಳೆಯ ಜಾಗ ಹತ್ತಿರದಲ್ಲಿ ಇನ್ನೊಂದಿಲ್ಲ. ಕೊಕ್ಕರೆ ಬೆಳ್ಳೂರಿನ ಮರಗಳಲ್ಲಿ ಮರಿಗಳು ರೆಕ್ಕೆ ಬಡಿದು ನೋಡುವ ಕಾಲ ಅದು. ಕಾವೇರಿ ತಗ್ಗಿರುತ್ತಾಳೆ, ರಂಗನತಿಟ್ಟಿನಲ್ಲಿ ಗೂಡು ತುಂಬಿರುತ್ತದೆ. ಕಷ್ಟವೆಂದರೆ ಬಿಸಿಲೊಂದೇ. ಹನ್ನೊಂದರಿಂದ ನಾಲ್ಕರವರೆಗಿನ ಹೊತ್ತನ್ನು ಪೂರ್ತಿ ಬಿಟ್ಟುಕೊಟ್ಟು ಲೆಕ್ಕ ಹಾಕಿದರೆ ಪ್ರವಾಸ ಸಲೀಸು. ಆ ಐದು ಗಂಟೆಯೊಳಗೂ ಒಂದು ಅರಮನೆಯನ್ನೋ ಕೋಟೆಯನ್ನೋ ತುರುಕಿದರೆ ಸಂಜೆ ಮಕ್ಕಳು ರಚ್ಚೆ ಹಿಡಿಯುತ್ತಾರೆ, ಮಾರನೆಯ ದಿನವೂ ಕೆಡುತ್ತದೆ.

ಹಬ್ಬದ ಮಾರನೆಯ ದಿನ ಹೊರಡಬೇಡಿ. ಅಂದು ಹೊಸತೊಡಕು. ಹಳೇ ಮೈಸೂರು ಕಡೆ ಬೆಳಗಿನ ಜಾವದಿಂದಲೇ ಮಟನ್ ಅಂಗಡಿ ಮುಂದೆ ಸಾಲು, ಮನೆಮನೆಗೂ ನೆಂಟರು. ಹೋಟೆಲ್ ಕೆಲಸದವರೂ ಊರು ಸೇರಿರುತ್ತಾರೆ, ತಿಂಡಿಗೆ ಅಲೆಯಬೇಕಾದೀತು. ಅದು ಕಳೆದ ಮೇಲಿನ ಯಾವ ದಿನವಾದರೂ ಸರಿ. ಮೂರು ಕುಟುಂಬ, ಐದಾರು ಮಕ್ಕಳು, ಇದಕ್ಕಿಂತ ದೊಡ್ಡ ಗುಂಪು ಬೇಡ. ಒಂದು ಮಗುವಿಗೆ ಒಂದಕ್ಕೆ ಬಂದರೆ ಎಲ್ಲ ಕಾರೂ ನಿಲ್ಲುತ್ತವೆ, ಒಂದು ನಿಲುಗಡೆಗೆ ಅರ್ಧ ಗಂಟೆ ಹೋಗುತ್ತದೆ. ಐದು ಕುಟುಂಬವಾದರೆ ಕೊಕ್ಕರೆ ನೋಡುವ ಹೊತ್ತು ರಸ್ತೆಬದಿಯಲ್ಲೇ ಕಳೆದುಹೋಗುತ್ತದೆ.

ಬುತ್ತಿಯ ವಿಷಯದಲ್ಲಿ ಹೆಚ್ಚು ಜನ ಎಡವುವುದು ಮೊಸರನ್ನದಲ್ಲಿ. ಬೆಳಗ್ಗೆ ಐದಕ್ಕೆ ಮೊಸರು ಸುರಿದು ಕಲಸಿದ್ದು ಬೇಸಿಗೆಯ ಕಾರಿನಲ್ಲಿ ಹನ್ನೊಂದಕ್ಕೇ ಹುಳಿ. ಒಂದು ಪಾವು ಅಕ್ಕಿಗೆ ಮೂರು ಪಾವು ನೀರಿಟ್ಟು ಮೆತ್ತಗೆ ಬೇಯಿಸಿ, ಬಿಸಿಯಿರುವಾಗಲೇ ಮಸೆದು, ಕಾಯಿಸಿದ ಹಾಲು ಎರಡು ಪಾವು ಹಾಕಿ ಕಲಸಿ. ಪೂರ್ತಿ ಆರಿದ ಮೇಲೆ ಒಂದೇ ಚಮಚ ಮೊಸರು ಸೇರಿಸಿ. ಬಿಸಿಗೆ ಹಾಕಿದರೆ ಹಾಲು ಒಡೆಯುತ್ತದೆ. ಮಧ್ಯಾಹ್ನ ಡಬ್ಬಿ ತೆಗೆಯುವ ಹೊತ್ತಿಗೆ ಅನ್ನದೊಳಗೇ ಮೊಸರು ಕಟ್ಟಿರುತ್ತದೆ, ಹುಳಿಯೇರಿರುವುದಿಲ್ಲ. ಮಾವಿನಕಾಯಿ ಚಿತ್ರಾನ್ನ ಒಯ್ಯುವುದಾದರೆ ಕಾಯಿತುರಿ ಬಿಡಿ, ಮೊದಲು ಕೆಡುವುದು ಅದೇ. ಹಬ್ಬದ ಹೋಳಿಗೆ ಮಿಕ್ಕಿದ್ದರೆ ಬಿಸಿ ಆರಿದ ಮೇಲೆಯೇ ಡಬ್ಬಿಗೆ ಹಾಕಿ. ಹೂರಣ ಗಟ್ಟಿಯಿದ್ದರೆ ಮಾರನೆಯ ದಿನಕ್ಕೂ ಬರುತ್ತದೆ, ಬೆವರಿದ ಹೋಳಿಗೆ ಬರುವುದಿಲ್ಲ.

ನೀರು ದೊಡ್ಡವರಿಗೆ ದಿನಕ್ಕೆ ತಲಾ ಮೂರು ಲೀಟರ್, ಮಕ್ಕಳಿಗೆ ತಲಾ ಒಂದೂವರೆ ಲೀಟರ್ ಎಂದು ಹಿಡಿಯಿರಿ. ಓಆರ್‌ಎಸ್ ಪೊಟ್ಟಣ ನಾಲ್ಕೈದು ಇರಲಿ. ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಒಮ್ಮೆಗೇ ಕದಡಬೇಕು. ಮಗು ಅಷ್ಟು ಕುಡಿಯದೆಂದು ಒಂದು ಲೋಟಕ್ಕೆ ಅಂದಾಜಿನಲ್ಲಿ ಸುರಿದರೆ ಉಪ್ಪಿನಂಶ ಹೆಚ್ಚಾಗಿ ತೊಂದರೆಯೇ ಆಗುತ್ತದೆ.

ಮನೆ ಬಿಡುವುದು ಐದೂವರೆಯೊಳಗೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಒಂದು ತಪ್ಪು ಎಲ್ಲರೂ ಮಾಡುತ್ತಾರೆ, ತಿರುವು ಬಂದಾಗ ಇಳಿದರಾಯಿತು ಎಂದುಕೊಳ್ಳುತ್ತಾರೆ. ನಡುವಿನ ರಸ್ತೆಯಿಂದ ಹೊರಬರಲು ಕೆಲವೇ ಕಡೆ ದಾರಿಯಿದೆ. ರಾಮನಗರ, ಚನ್ನಪಟ್ಟಣ, ಮದ್ದೂರು ಮೂರೂ ಪಕ್ಕಕ್ಕೆ ಸರಿದುಹೋಗುತ್ತವೆ. ಪೆಟ್ರೋಲು, ಶೌಚಾಲಯ ಎರಡನ್ನೂ ಹತ್ತುವ ಮುನ್ನವೇ ಮುಗಿಸಿಕೊಳ್ಳಿ. ಗೆಳೆಯರಲ್ಲಿ ಯಾರಾದರೂ ಬೈಕಿನಲ್ಲಿ ಬರುವುದಾದರೆ ಅವರಿಗೆ ಈ ರಸ್ತೆಯಿಲ್ಲ. 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೊಗಳಿಗೆ ಸರ್ವಿಸ್ ರಸ್ತೆಯೇ ಗತಿ. ಕೊಕ್ಕರೆ ಬೆಳ್ಳೂರಿಗೆ ಹೋಗುವವರು ಚನ್ನಪಟ್ಟಣಕ್ಕೆ ಮೊದಲೇ ಇಳಿದು ಹಳೆಯ ರಸ್ತೆ ಹಿಡಿಯುವುದು ವಾಸಿ. ಚನ್ನಪಟ್ಟಣ ದಾಟಿ ಮದ್ದೂರು ಸಿಗುವ ಮುನ್ನ ರುದ್ರಾಕ್ಷಿಪುರದ ಬಳಿ ಎಡಕ್ಕೆ ತಿರುಗಿದರೆ ಸುಮಾರು 12 ಕಿ.ಮೀ. ಹಳ್ಳಿ ರಸ್ತೆ. ಏಳೂವರೆಯೊಳಗೆ ಊರು ಸೇರಬಹುದು.

ಇದು ಪಕ್ಷಿಧಾಮದ ಹಾಗೆ ಬೇಲಿ, ಗೇಟು ಇರುವ ಜಾಗವಲ್ಲ. ಶಿಂಷಾ ನದಿ ಹತ್ತಿರದ ಹಳ್ಳಿ, ಮನೆಗಳ ನಡುವಿನ ಹುಣಸೆ, ಬಸರಿ, ಆಲದ ಮರಗಳ ಮೇಲೆಯೇ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದೇ ಊರಿನವರು ಇವನ್ನು ಕಾಣುವುದು. ಗೂಡಿರುವ ಮರದ ಹುಣಸೆಕಾಯಿ ಬಡಿಯುವುದಿಲ್ಲ. ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಯಿತು. ಕಾನೂನು ಬರುವ ಎಷ್ಟೋ ಮೊದಲೇ ಕಾಪಾಡಿದವರು ಈ ಊರಿನವರು, ಅದನ್ನು ಮಕ್ಕಳಿಗೆ ಹೇಳಲೇಬೇಕು.

ಹೆಜ್ಜಾರ್ಲೆಯ ಮರಿ ಉಣ್ಣುವುದನ್ನು ಒಮ್ಮೆಯಾದರೂ ತೋರಿಸಿ. ತಾಯಿ ಬಂದು ಕೂತು ಕೊಕ್ಕು ತೆರೆಯುತ್ತದೆ. ಮರಿ ತನ್ನ ತಲೆ, ಕತ್ತು ಎಲ್ಲವನ್ನೂ ಆ ಚೀಲದೊಳಗೆ ತೂರಿಸಿ ಜಗ್ಗುತ್ತದೆ. ನೋಡುವವರಿಗೆ ತಾಯಿಯೇ ಮರಿಯನ್ನು ನುಂಗುತ್ತಿದೆಯೇನೋ ಎನ್ನಿಸಿ ಚಿಕ್ಕವರು ಹೆದರುವುದುಂಟು, ಮುಂಚೆಯೇ ಹೇಳಿಟ್ಟಿರಿ. ಬಿಸಿಲೇರುತ್ತಿದ್ದಂತೆ ಬಣ್ಣದ ಕೊಕ್ಕರೆ ಸೂರ್ಯನಿಗೆ ಬೆನ್ನು ಕೊಟ್ಟು, ರೆಕ್ಕೆಯನ್ನು ಛತ್ರಿಯಂತೆ ಅರ್ಧ ಬಿಚ್ಚಿ ನಿಲ್ಲುತ್ತದೆ, ನೆರಳು ಮರಿಗಳ ಮೇಲೆ ಬೀಳುತ್ತದೆ. ಒಂಬತ್ತರ ಹೊತ್ತಿಗೆ ಹೀಗೆ ನಿಂತ ಹಕ್ಕಿಗಳು ಕಣ್ಣಿಗೆ ಬೀಳತೊಡಗುತ್ತವೆ. ಮಕ್ಕಳಿಗೂ ಟೋಪಿ ಹಾಕುವ ಹೊತ್ತು ಅದೇ.

ಮರದ ನೇರ ಕೆಳಗೆ ನಿಲ್ಲಬೇಡಿ. ಹಿಕ್ಕೆಯ ಜೊತೆ ಅರೆಜೀರ್ಣವಾದ ಮೀನೂ ಬೀಳುತ್ತದೆ. ವಾಸನೆ ಜೋರಾಗಿಯೇ ಇರುತ್ತದೆ, ಹತ್ತು ನಿಮಿಷದಲ್ಲಿ ಮೂಗಿಗೆ ಒಗ್ಗುತ್ತದೆ. ಗೂಡಿನಿಂದ ಬಿದ್ದ ಮರಿ ಕಂಡರೆ ಮುಟ್ಟದೆ ಊರಿನವರಿಗೆ ತಿಳಿಸಿ. ಬಿದ್ದ ಮರಿಗಳಿಗೆ ಮೀನು ಹಾಕಿ ಸಾಕಿ, ಹಾರುವ ಹಾಗಾದ ಮೇಲೆ ಬಿಡುವ ವ್ಯವಸ್ಥೆ ಇಲ್ಲಿದೆ. ಬಲೂನು, ಪೀಪಿ, ಡ್ರೋನು ಕಾರಿನೊಳಗೇ ಇರಲಿ. ಒಮ್ಮೆ ಗುಂಪಾಗಿ ಬೆದರಿ ಎದ್ದರೆ ಮರಿಗಳು ಬಿಸಿಲಿಗೆ ಬಯಲಾಗುತ್ತವೆ.

ಹತ್ತಕ್ಕೆ ಹೊರಟು ಮದ್ದೂರಿನಲ್ಲಿ ನಿಲ್ಲಿ. ವಡೆಯಲ್ಲಿ ಅಕ್ಕಿಹಿಟ್ಟು, ಮೈದಾ, ರವೆ, ಧಾರಾಳ ಈರುಳ್ಳಿ ಇರುತ್ತದೆ. ಹಸಿಮೆಣಸು ಇರುವುದರಿಂದ ಚಿಕ್ಕವರಿಗೆ ಅಂಚಿನ ಗರಿಗರಿ ಭಾಗ ಮುರಿದುಕೊಟ್ಟರೆ ಸಾಕು. ಈ ಊರಿನಲ್ಲಿ ಬಿಡಬಾರದ್ದು ಎಳನೀರು, ಅದಕ್ಕೆಂದೇ ಇಲ್ಲಿ ದೊಡ್ಡ ಮಾರುಕಟ್ಟೆಯಿದೆ. ದೊಡ್ಡವರಿಗೆ "ನೀರಿರೋದು", ಮಕ್ಕಳಿಗೆ "ತೆಳು ಗಂಜಿ ಬಂದಿರೋದು" ಎಂದು ಕೇಳಿ. ಗಟ್ಟಿ ಕಾಯಿಯ ತುಂಡು ಎರಡು ವರ್ಷದ ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳುವಂಥದ್ದು, ಅದು ಬೇಡ. ರಾಮನಗರದ ಮಾವು ರಾಜ್ಯದಲ್ಲಿ ಬೇಗ ಮಾರುಕಟ್ಟೆಗೆ ಬರುವಂಥದ್ದು, ಏಪ್ರಿಲ್‌ನಲ್ಲಿ ಹಳೆಯ ರಸ್ತೆಯ ಬದಿಯಲ್ಲಿ ಬುಟ್ಟಿಗಳು ಕಾಣುತ್ತವೆ. ಹಣ್ಣನ್ನು ತೊಟ್ಟಿನ ಹತ್ತಿರ ಮೂಸಿ ನೋಡಿ. ಮೈಯೆಲ್ಲ ಒಂದೇ ಹಳದಿ ಇದ್ದು ವಾಸನೆಯೇ ಇಲ್ಲದಿದ್ದರೆ ಬಿಟ್ಟುಬಿಡಿ.

ಹನ್ನೆರಡಕ್ಕೆ ಶ್ರೀರಂಗಪಟ್ಟಣದ ಸುತ್ತಮುತ್ತ ವಸತಿ ಸೇರಿ, ಊಟ, ನಿದ್ದೆ. ಕಾರು ನಿಲ್ಲಿಸುವಾಗ ಮಕ್ಕಳ ಸೀಟಿನ ಬಕಲ್ ಮೇಲೆ ಬಿಳಿ ಟವೆಲ್ ಮುಚ್ಚಿ, ಬಿಸಿಲಿಗೆ ಕಾದ ಲೋಹ ತೊಡೆ ಸುಡುತ್ತದೆ. ಮಗು ಮಲಗಿದೆಯೆಂದು ಐದು ನಿಮಿಷಕ್ಕೂ ಮುಚ್ಚಿದ ಕಾರಿನಲ್ಲಿ ಬಿಡಬಾರದು.

ಸಂಜೆ ನೀರು. ಸಂಗಮ, ಬಲಮುರಿ, ಎಡಮುರಿ, ಎಲ್ಲಿಗೆ ಹೋದರೂ ಕಾವೇರಿಯನ್ನು ಹಗುರವಾಗಿ ಕಾಣಬೇಡಿ. ಬೇಸಿಗೆಯಲ್ಲಿ ಮೇಲ್ನೋಟಕ್ಕೆ ಮೊಣಕಾಲುದ್ದ ನೀರು, ಪಕ್ಕದಲ್ಲೇ ಆಳೆತ್ತರದ ಮಡು ಇರುತ್ತದೆ. ಬಂಡೆ ಮೇಲೆ ಪಾಚಿ. ಮೇಲಿನಿಂದ ನೀರು ಬಿಟ್ಟರೆ ಮಟ್ಟ ಏರಿದ್ದು ಆಟದ ಗದ್ದಲದಲ್ಲಿ ಗೊತ್ತಾಗುವುದಿಲ್ಲ. ನೀರಂಚಿನ ಒಂದು ಕಲ್ಲನ್ನು ಗುರುತಿಟ್ಟುಕೊಳ್ಳಿ, ಅದು ಮುಳುಗುತ್ತಿದೆ ಎನಿಸಿದ ಕೂಡಲೇ ಎಲ್ಲರೂ ಮೇಲೆ ಬರಬೇಕು. ಗುಂಪಿನ ಅತಿ ಚಿಕ್ಕ ಮಗುವಿನ ಮೊಣಕಾಲೇ ಎಲ್ಲ ಮಕ್ಕಳಿಗೂ ಆಳದ ಮಿತಿ. ಒಂದು ಮಗುವಿಗೆ ಒಬ್ಬರು ದೊಡ್ಡವರು, ಹೆಸರು ಹೇಳಿಯೇ ಹಂಚಿಕೊಳ್ಳಿ. ಅವರು ನೀರು ಹರಿದುಹೋಗುವ ಕಡೆ ನಿಲ್ಲಬೇಕು, ಕಾಲು ಜಾರಿದ ಮಗು ಅವರ ಕೈಗೇ ಬರುತ್ತದೆ. ಗೆಳೆಯರು ಸೇರಿದಾಗ ಅಪಾಯವಾಗುವುದು "ಅವರು ನೋಡಿಕೊಳ್ತಿದಾರೆ" ಎಂದು ಎಲ್ಲರೂ ಅಂದುಕೊಳ್ಳುವುದರಿಂದಲೇ. ಪಟ್ಟಿಯಿರುವ ಚಪ್ಪಲಿ ಹಾಕಿಸಿ, ಮರಳಿನಲ್ಲಿ ಒಡೆದ ಬಾಟಲಿ ಚೂರು ಇರುತ್ತದೆ.

ಈ ದಿನಗಳಲ್ಲಿ ಯಾರದಾದರೂ ಹುಟ್ಟುಹಬ್ಬ ಬಿದ್ದರೆ ವಸತಿಯ ಅಂಗಳದಲ್ಲಿ ಆರೂವರೆಯ ಮೇಲೆ ಮಾಡಿ, ನದಿ ದಂಡೆಯಲ್ಲಿ ಬೇಡ. ಕ್ರೀಮ್ ಕೇಕ್ ಬೆಂಗಳೂರಿನಿಂದ ತಂದರೆ ದಾರಿಯಲ್ಲೇ ಕರಗುತ್ತದೆ, ಕ್ರೀಮ್ ಇಲ್ಲದ ಕೇಕ್ ಆದರೆ ತಡೆಯುತ್ತದೆ. ಹೋಳಿಗೆಯ ತಟ್ಟೆ ಇಟ್ಟು, ಮಗುವನ್ನು ಮಣೆ ಮೇಲೆ ಕೂರಿಸಿ ಆರತಿ ಎತ್ತಿದರೆ ಇನ್ನೂ ಚೆಂದ. ಒಡೆದ ಬಲೂನಿನ ಚೂರು ತಕ್ಷಣ ಹೆಕ್ಕಿ, ತೆವಳುವ ಮಗು ಮೊದಲು ಬಾಯಿಗೆ ಹಾಕುವುದು ಅದನ್ನೇ. ಏಪ್ರಿಲ್ ಮಧ್ಯದಿಂದ ಅಶ್ವಿನಿ ಮಳೆ, ಆಮೇಲೆ ಭರಣಿ. ಸಂಜೆ ಗಾಳಿ ಎದ್ದು ಗುಡುಗು ಕೇಳಿಸಿದರೆ ತೆಂಗಿನ ಮರದ ಕೆಳಗಿಂದ ಎದ್ದು ಒಳಗೆ ಹೋಗಿ.

ಎರಡನೆಯ ದಿನ ರಂಗನತಿಟ್ಟು, ಬಾಗಿಲು ತೆರೆಯುವ ಹೊತ್ತಿಗೇ. ಪಕ್ಷಿತಜ್ಞ ಸಾಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಜಾಗವಿದು, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೂ ಸೇರಿತು. ತಡವಾಗಿ ಹೋದರೆ ದೋಣಿಗೆ ಬಿಸಿಲಲ್ಲಿ ಸಾಲು ನಿಲ್ಲಬೇಕು. ಲೈಫ್ ಜಾಕೆಟ್ ಮಗುವಿಗೆ ಸಡಿಲವಾದರೆ ಚಿಕ್ಕದನ್ನು ಕೇಳಿ ಹಾಕಿಸಿ. ಕೈ ನೀರಿಗೆ ಇಳಿಬಿಡುವಂತಿಲ್ಲ, ಬಂಡೆಯ ಮೇಲೆ ಬಾಯಿ ತೆರೆದು ಮಲಗಿರುವುದು ಮೊಸಳೆ. ಬಾಯ್ಕಳಕ ಕೊಕ್ಕರೆಯ ಕೊಕ್ಕನ್ನು ದುರ್ಬೀನಿನಲ್ಲಿ ನೋಡಿಸಿ. ತುದಿ ಕೂಡಿದರೂ ನಡುವೆ ಸಂದು ಉಳಿಯುತ್ತದೆ. ಬಸವನ ಹುಳು ತಿನ್ನುವ ಹಕ್ಕಿ ಅದು. ಮರಿಗಳ ಕೊಕ್ಕಿನಲ್ಲಿ ಈ ಸಂದು ಇರುವುದಿಲ್ಲ. ಯಾವುದು ತಾಯಿ, ಯಾವುದು ಮರಿ ಎಂದು ಹುಡುಕುವ ಆಟಕ್ಕೆ ಇಷ್ಟು ಸಾಕು.

ಮಧ್ಯಾಹ್ನ ಮತ್ತೆ ನೆರಳು. ನಾಲ್ಕಕ್ಕೆ ಪಾಂಡವಪುರದ ಮೇಲೆ ಮೇಲುಕೋಟೆ, ಸುಮಾರು 35 ಕಿ.ಮೀ. ದೇವರಿಗೆ ವಜ್ರದ ಕಿರೀಟ ತೊಡಿಸುವ ವೈರಮುಡಿ ಉತ್ಸವದ ರಾತ್ರಿಯಾದರೆ ಚಿಕ್ಕ ಮಕ್ಕಳಿರುವವರು ಇನ್ನೊಮ್ಮೆ ಯೋಚಿಸಿ. ಕಿರೀಟ ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ಬಂದು, ಮೆರವಣಿಗೆ ಕತ್ತಲಾದ ಮೇಲೆ ಹೊರಡುತ್ತದೆ. ಜನಸಾಗರ, ಕಾರು ದೂರದಲ್ಲೇ ನಿಲ್ಲಿಸಬೇಕು. ಹೋಗಲೇಬೇಕೆಂದರೆ ಮಗುವಿನ ಮುಂಗೈ ಮೇಲೆ ಫೋನ್ ನಂಬರ್ ಬರೆಯಿರಿ. ಮಾಮೂಲಿ ದಿನ ಯೋಗಾನರಸಿಂಹನ ಬೆಟ್ಟಕ್ಕೆ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು. ಕಲ್ಲು ಸಂಜೆ ಐದಕ್ಕೂ ಕಾದಿರುತ್ತದೆ, ಮಕ್ಕಳಿಗೆ ದಪ್ಪ ಕಾಲುಚೀಲ ಹಾಕಿಸಿ ಹತ್ತಿಸಿ. ಕೈಯಲ್ಲಿ ಬಿಸ್ಕತ್ತು, ಬಾಟಲಿ ಕಂಡರೆ ಕೋತಿ ಕಿತ್ತುಕೊಳ್ಳುತ್ತದೆ. ಚೀಲ ಮುಚ್ಚಿರಲಿ, ಕಿತ್ತುಕೊಂಡರೆ ಬಿಟ್ಟುಬಿಡಿ.

ಇಳಿದ ಮೇಲೆ ಪುಳಿಯೋಗರೆ, ಸಕ್ಕರೆ ಪೊಂಗಲ್. ಮೆಣಸಿನ ಖಾರ ಮುಂದಿರುವುದರಿಂದ ಚಿಕ್ಕವರಿಗೆ ಪೊಂಗಲ್ಲೇ ಸರಿ. ಗೊಜ್ಜು ಕಟ್ಟಿಸಿಕೊಂಡು ಬನ್ನಿ. ಹುಣಸೆರಸವನ್ನು ನೀರಿನಂಶ ಹೋಗಿ ಎಣ್ಣೆ ತೇಲುವವರೆಗೂ ಕುದಿಸಿರುವುದರಿಂದ ಅದು ತಡೆಯುತ್ತದೆ. ಒದ್ದೆ ಚಮಚ ತಾಗಿದರೆ ಬೂಷ್ಟು ಹಿಡಿಯುತ್ತದೆ, ಒಣ ಚಮಚವೇ ಇರಲಿ. ಅನ್ನ ಪೂರ್ತಿ ಆರಿದ ಮೇಲೆ ಕಲಸಿ ಅರ್ಧ ಗಂಟೆ ಬಿಟ್ಟು ಬಡಿಸಿ.