ಸಿಮೆಂಟ್ ಕೇಳಿ ಹೋದವನಿಗೆ ಸಿಕ್ಕಿದ್ದು

ಮಲೆನಾಡಿನವನಾದ ನನಗೆ ಬಿದಿರಿನ ವಿಷಯದಲ್ಲಿ ಸ್ವಲ್ಪ ಜಂಬ ಇತ್ತು. ಬೆಳದಿಂಗಳಲ್ಲಿ ಕಡಿದರೆ ಕುಟ್ಟೆ ಹಿಡಿಯುತ್ತದೆ, ಅಮಾವಾಸ್ಯೆ ಹತ್ತಿರ ಕಡಿಯಬೇಕು ಅನ್ನುವುದು ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು. ಸಿವಿಲ್ ಎಂಜಿನಿಯರಿಂಗ್ ಓದಿ, ಹತ್ತು ವರ್ಷ ಸೈಟುಗಳಲ್ಲಿ ಅಲೆದು, 2018ರಲ್ಲಿ ಒಂದು ಪರಿಹಾರ ಸಂಸ್ಥೆಯ ಕೆಲಸಕ್ಕೆ ಬಾಂಗ್ಲಾದೇಶದ ಕಾಕ್ಸ್ ಬಜಾರ್‌ಗೆ ಹೋದೆ. ಮನೆ ಕಟ್ಟುವುದು ನನ್ನ ಕೆಲಸ, ರಾಜಕೀಯ ನನಗೆ ಸಂಬಂಧಿಸಿದ್ದಲ್ಲ ಅಂದುಕೊಂಡೇ ಹೋಗಿದ್ದೆ.

2017ರ ಆಗಸ್ಟ್ 25ರ ನಂತರ ಮ್ಯಾನ್ಮಾರ್‌ನ ರಖೈನ್ ರಾಜ್ಯದಲ್ಲಿ ಸೇನೆಯ ದಾಳಿಗೆ ಸಿಕ್ಕಿ, ಅಲ್ಲಿನ ಅಲ್ಪಸಂಖ್ಯಾತ ಮುಸ್ಲಿಮರಾದ ರೋಹಿಂಗ್ಯಾಗಳು ಏಳು ಲಕ್ಷಕ್ಕೂ ಹೆಚ್ಚು ಮಂದಿ ಗಡಿ ದಾಟಿ ಬಂದಿದ್ದರು. ಅವರು ನೆಲೆಸಿದ ಕುಟುಪಾಲಾಂಗ್ ಕ್ಯಾಂಪಿನ ಗುಡ್ಡಗಳ ಮೇಲೆ ಮರ ಉಳಿದಿರಲಿಲ್ಲ. ಎತ್ತ ನೋಡಿದರೂ ಬಿದಿರು, ಟಾರ್ಪಾಲು, ಜಾರುವ ಮರಳು ಮಣ್ಣು. ಮಳೆಗೆ ಬಿದಿರ ಕಂಬದ ಬುಡ ಕೊಳೆಯುತ್ತಿತ್ತು, ಮೇಲಿನಿಂದ ಕುಟ್ಟೆ ಹುಳು ಪುಡಿ ಉದುರಿಸುತ್ತಿತ್ತು. ನಾನು ಲೆಕ್ಕ ಹಾಕಿದೆ: ಬುಡಕ್ಕೆ ಎರಡು ವರಸೆ ಇಟ್ಟಿಗೆ, ಒಂದಿಷ್ಟು ಸಿಮೆಂಟ್ ಕೊಟ್ಟರೆ ವರ್ಷ ವರ್ಷ ಬಿದಿರು ಹಂಚುವ ಖರ್ಚೇ ಉಳಿಯುತ್ತದೆ. ನಕ್ಷೆ ಹಿಡಿದು ಕ್ಯಾಂಪ್ ಕಚೇರಿಗೆ ಹೋದೆ.

ಅಲ್ಲಿನ ಅಧಿಕಾರಿ ಚಹಾ ಕೊಟ್ಟು, ನಕ್ಷೆಯನ್ನು ಪೂರ್ತಿ ನೋಡಿ, ವಾಪಸ್ ಕೊಟ್ಟರು. ಕಾಯಂ ಸಾಮಗ್ರಿಗೆ ಅನುಮತಿ ಇಲ್ಲ ಅಂದರು. ಗಟ್ಟಿ ಮನೆ ಎದ್ದರೆ ಇವರು ಇಲ್ಲಿಯವರೇ ಎಂದಾಗುತ್ತದೆ, ಮ್ಯಾನ್ಮಾರ್ ಕೈ ತೊಳೆದುಕೊಳ್ಳುತ್ತದೆ ಅನ್ನುವುದು ಅವರ ವಾದ. ಕೋಪ ಬಂತು. ಈಗ ಯೋಚಿಸಿದರೆ ಅವರು ಹೇಳಿದ್ದರಲ್ಲಿ ಅರ್ಧ ಸರಿ ಇತ್ತು. ಉಳಿದರ್ಧದ ಕಷ್ಟ ಮಾತ್ರ ಮಳೆಯಲ್ಲಿ ಮಲಗುವವರದ್ದು.

ಒಂದು ಮನೆ ರಿಪೇರಿಗೆ ಹೋದಾಗ ಅಲ್ಲಿದ್ದ ಮುದುಕರೊಬ್ಬರು, ನಾವೆಲ್ಲ ಚಾಚಾ ಅನ್ನುತ್ತಿದ್ದವರು, ಗೋಡೆ ಬಿಟ್ಟು ಸೂರು ತೋರಿಸಿದರು. ಅಲ್ಲಿ ಒಂದು ಪ್ಲಾಸ್ಟಿಕ್ ಪೊಟ್ಟಣ ನೇತಾಡುತ್ತಿತ್ತು. ಅದು ನೆನೆಯಬಾರದು, ಅಷ್ಟು ಮಾಡಿಕೊಟ್ಟರೆ ಸಾಕು ಅಂದರು. ಒಳಗೆ ಜಮೀನಿನ ರಸೀದಿಗಳು, ಮನೆಯವರ ಹೆಸರಿದ್ದ ಹಳೇ ಪಟ್ಟಿ, 2015ರಲ್ಲಿ ಮ್ಯಾನ್ಮಾರ್ ಸರ್ಕಾರ ತಾತ್ಕಾಲಿಕ ಗುರುತಿನ ಬಿಳಿ ಕಾರ್ಡುಗಳನ್ನು ರದ್ದು ಮಾಡಿ ವಾಪಸ್ ಪಡೆದಾಗ ಕೊಟ್ಟ ಚೀಟಿ. ಮ್ಯಾನ್ಮಾರ್‌ನ 1982ರ ಪೌರತ್ವ ಕಾನೂನು 1823ಕ್ಕೆ ಮೊದಲೇ ನೆಲೆಸಿದ್ದವು ಎಂದು ಗುರುತಿಸಿದ ಜನಾಂಗಗಳಿಗೆ ಪೂರ್ಣ ಪೌರತ್ವ ಕೊಡುತ್ತದೆ. ಸರ್ಕಾರದ 135 ಜನಾಂಗಗಳ ಪಟ್ಟಿಯಲ್ಲಿ ರೋಹಿಂಗ್ಯಾ ಎಂಬ ಹೆಸರೇ ಇಲ್ಲ. 2014ರ ಜನಗಣತಿಯಲ್ಲೂ ಆ ಹೆಸರು ಬರೆಸಲು ಬಿಡಲಿಲ್ಲ. ಹಾಗಾಗಿ ಆ ಪೊಟ್ಟಣವೇ ಚಾಚಾನ ಊರು. ನಮ್ಮ ಸಮೀಕ್ಷೆ ಫಾರಂನಲ್ಲಿ ಬಾಗಿಲು, ಚಿಲಕ, ಚರಂಡಿ, ದೀಪ ಎಲ್ಲಕ್ಕೂ ಕಾಲಂ ಇತ್ತು, ಕಾಗದ ಇಡುವ ಜಾಗಕ್ಕೆ ಇರಲಿಲ್ಲ. ಫಾರಂ ಮಾಡಿದವನು ನಾನೇ.

ಆಮೇಲಿಂದ ಎತ್ತರದಲ್ಲಿ, ಸೋರದ ಜಾಗ ನೋಡಿ, ಒಂದು ಸಣ್ಣ ಅಟ್ಟ ಸೇರಿಸತೊಡಗಿದೆವು. ನಾಲ್ಕು ತುಂಡು ಬಿದಿರು, ಒಂದಿಷ್ಟು ಹಗ್ಗ. ಖರ್ಚು ಇಲ್ಲವೆನ್ನುವಷ್ಟು. ಇಟ್ಟಿಗೆ ಇಲ್ಲದಿದ್ದರೇನು ಅಂತ, ಹುಳು ಹಿಡಿಯದಂತೆ ಬಿದಿರನ್ನು ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ನೀರಲ್ಲಿ ನೆನೆಸುವುದನ್ನೂ ಕಲಿತೆವು. ಅಮಾವಾಸ್ಯೆ ಕಾಯುವ ನನ್ನ ಜ್ಞಾನ ಅಲ್ಲಿ ಯಾರಿಗೂ ಬೇಕಾಗಲಿಲ್ಲ ಬಿಡಿ.

ಅದೇ 2018ರ ನವೆಂಬರ್‌ನಲ್ಲಿ ಬಾಂಗ್ಲಾದೇಶ ಸರ್ಕಾರ ಮತ್ತು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಕೊಡುತ್ತಿದ್ದ ಹೊಸ ಗುರುತಿನ ಸ್ಮಾರ್ಟ್ ಕಾರ್ಡ್ ನೋಂದಣಿಯ ವಿರುದ್ಧ ಕ್ಯಾಂಪಿನಲ್ಲಿ ಮುಷ್ಕರ ಆಯಿತು. ಕಾರ್ಡಿನಲ್ಲಿ ರೋಹಿಂಗ್ಯಾ ಅಂತ ಇಲ್ಲ, ನಮ್ಮ ಮಾಹಿತಿ ಮ್ಯಾನ್ಮಾರ್‌ಗೆ ಹೋಗುತ್ತದೆ ಎಂಬುದು ಅವರ ಭಯ. ಉಪಕಾರಕ್ಕೆ ಕೊಟ್ಟ ಕಾರ್ಡಿಗೂ ತಕರಾರೇ ಅಂತ ನಮ್ಮಲ್ಲೇ ಗೊಣಗಿದವರಿದ್ದರು. ನಾನೂ ಗೊಣಗಿದೆ. ಕಾರ್ಡು ಕೊಟ್ಟು ಕಿತ್ತುಕೊಂಡವರ ಕೈಯಿಂದ ಪಾರಾಗಿ ಬಂದವರ ಎದುರು ಇನ್ನೊಂದು ಕಾರ್ಡು ಹಿಡಿದಿದ್ದೇವೆ ಅನ್ನುವುದು ಹೊಳೆಯಲಿಲ್ಲ.

ನನಗೆ ಪೂರ್ತಿ ಅರ್ಥವಾಗಿದ್ದು 2023ರಲ್ಲಿ. ದಾನಿ ದೇಶಗಳ ಹಣ ಸಾಲದೆ ತಲೆಗೆ ತಿಂಗಳಿಗೆ 12 ಡಾಲರ್ ಇದ್ದ ಆಹಾರದ ನೆರವು ಮಾರ್ಚ್‌ನಲ್ಲಿ 10ಕ್ಕೆ, ಜೂನ್‌ನಲ್ಲಿ 8ಕ್ಕೆ ಇಳಿಯಿತು. ಎಂಟು ಡಾಲರ್ ಅಂದರೆ ದಿನಕ್ಕೆ ಸುಮಾರು 22 ರೂಪಾಯಿ. ಬಜೆಟ್ ಕೊರತೆ, ಯುಕ್ರೇನ್ ಯುದ್ಧ, ಬೆಲೆ ಏರಿಕೆ ಅಂತ ಚಾಚಾಗೆ ವಿವರಿಸಲು ಹೊರಟೆ. ಅವರು ಕೇಳಿದ್ದು ಒಂದೇ: ವಾಪಸ್ ಕಳಿಸುತ್ತೀರಾ?

ಆ ಪ್ರಶ್ನೆಗೆ ಚರಿತ್ರೆ ಇದೆ. 1978ರಲ್ಲಿ ಎರಡು ಲಕ್ಷ ಜನ ಹೀಗೆಯೇ ಓಡಿ ಬಂದಿದ್ದರು. ಚಾಚಾ ಆಗ ಹುಡುಗ. ಕ್ಯಾಂಪುಗಳಲ್ಲಿ ಪಡಿತರ ಬಿಗಿ ಮಾಡಲಾಯಿತು, ಸುಮಾರು ಹತ್ತು ಸಾವಿರ ಜನ ಸತ್ತರು, ಹೆಚ್ಚಿನವರು ಮಕ್ಕಳು. ಉಳಿದವರಲ್ಲಿ ಬಹುಪಾಲು ಜನ ವಾಪಸ್ ಹೋದರು. 1991–92ರಲ್ಲಿ ಮತ್ತೆ ಎರಡೂವರೆ ಲಕ್ಷ ಜನ ಬಂದರು. ಈಗ ನೋಡಿ, 2023ರ ಮಾರ್ಚ್‌ನಲ್ಲಿ ಪಡಿತರ ಕಡಿಮೆಯಾಯಿತು, ಅದೇ ತಿಂಗಳು ವಾಪಸಾತಿಯ ಹೆಸರು ಪರಿಶೀಲಿಸಲು ಮ್ಯಾನ್ಮಾರ್ ಅಧಿಕಾರಿಗಳ ತಂಡ ಇಲ್ಲಿಯ ಗಡಿ ಊರು ಟೆಕ್ನಾಫ್‌ಗೆ ಬಂತು. ಎರಡಕ್ಕೂ ಸಂಬಂಧ ಇಲ್ಲ ಅಂತ ನಾನು ಎಷ್ಟು ಹೇಳಿದರೂ ಚಾಚಾನ ಅನುಭವದ ಮುಂದೆ ನನ್ನ ಬಜೆಟ್ ಹಾಳೆ ಯಾವ ಲೆಕ್ಕ? ಅವತ್ತಿನಿಂದ ಏನೇ ಕಡಿತವಾದರೂ, ಯಾಕೆ, ಯಾರ ತೀರ್ಮಾನ, ಇದರ ಹಿಂದೆ ವಾಪಸಾತಿ ಇದೆಯೇ ಇಲ್ಲವೇ ಅನ್ನುವುದನ್ನು ಪಡಿತರ ಇಳಿಯುವ ಮೊದಲೇ ಮನೆ ಮನೆಗೆ ಹೋಗಿ ಹೇಳಬೇಕು ಅಂತ ಸಭೆಗಳಲ್ಲಿ ಹಟ ಹಿಡಿಯುತ್ತೇನೆ. ಎಲ್ಲ ಸಲವೂ ನಡೆಯುವುದಿಲ್ಲ.

ಹೊಸ ಬಿದಿರು ಹಾಕಿಕೊಟ್ಟ ದಿನ, ಇದು ಎಷ್ಟು ಕಾಲ ಬರುತ್ತದೆ ಅಂತ ಚಾಚಾ ಕೇಳಿದರು. ಔಷಧಿ ಹಾಕಿದ್ದು, ನಾಲ್ಕೈದು ವರ್ಷಕ್ಕೆ ಮೋಸ ಇಲ್ಲ ಅಂತ ಹೆಮ್ಮೆಯಿಂದಲೇ ಹೇಳಿದೆ. ಅಷ್ಟು ವರ್ಷವಾ ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಅಟ್ಟವನ್ನು ಇನ್ನೊಂದು ಗೇಣು ಮೇಲೆ ಕಟ್ಟಿಸಿಕೊಂಡರು.